ಶಿರಸಿಯ ಮಳೆಗೆ ನಾಲ್ಕಿಂಚಿನ ಮಳೆಮಾಪಕ: ಹಲವು ಮಳೆಗಾಲ ಬಳಸಿದ ಮೇಲೆ

ಮನೆಯಂಗಳದ ಮಳೆಯನ್ನು ತಾವೇ ಅಳೆಯಬೇಕೆಂಬ ಆಸೆ ಇರುವ ಮಲೆನಾಡಿನವರಿಗೆ ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಬ್ಯಾಟರಿ ಬೇಡದ, ಕೈಯಲ್ಲೆತ್ತಿ ಕಣ್ಣಳತೆಗೆ ಹಿಡಿದು ಓದುವ ಪಾರದರ್ಶಕ ಪ್ಲಾಸ್ಟಿಕ್ ಮಳೆಮಾಪಕವನ್ನೇ ಕೊಳ್ಳಿ. ಅದಕ್ಕೂ ಕೊರತೆಗಳಿವೆ, ಒಂದು ಕೊರತೆ ನಮ್ಮ ಕಡೆಯವರಿಗೆ ನಿಜಕ್ಕೂ ದೊಡ್ಡದು. ಆದರೂ ನಮ್ಮ ತೋಟದ ಮನೆಯಲ್ಲಿ ಇಷ್ಟು ಮಳೆಗಾಲಗಳನ್ನು ದಾಟಿ ಇನ್ನೂ ನಂಬಿಕೆ ಉಳಿಸಿಕೊಂಡಿರುವ ಉಪಕರಣ ಇದೊಂದೇ.

ನಾನು ಬಳಸುವುದು ನಾಲ್ಕು ಇಂಚು ಬಾಯಿಯ ಮಾದರಿ. ಮೇಲೊಂದು ಆಲಿಕೆ, ಅದರ ಕೆಳಗೆ ಸಣ್ಣ ಒಳಕೊಳವೆ, ಎರಡನ್ನೂ ಹೊತ್ತುಕೊಂಡ ದೊಡ್ಡ ಹೊರಕೊಳವೆ. ಒಳಕೊಳವೆಯ ವಿಸ್ತೀರ್ಣ ಆಲಿಕೆಯ ಬಾಯಿಯ ಹತ್ತನೇ ಒಂದು ಭಾಗ. ಹಾಗಾಗಿ ಒಂದು ಮಿಲಿಮೀಟರ್ ಮಳೆ ಅದರೊಳಗೆ ಒಂದು ಸೆಂಟಿಮೀಟರ್ ಎತ್ತರಕ್ಕೆ ನಿಲ್ಲುತ್ತದೆ, ಸಣ್ಣ ಹನಿಮಳೆಯನ್ನೂ ತಕರಾರಿಲ್ಲದೆ ಓದಬಹುದು. 25 ಮಿ.ಮೀ. ಆದೊಡನೆ ಒಳಕೊಳವೆ ತುಂಬಿ ಹೊರಕೊಳವೆಗೆ ಹರಿಯುತ್ತದೆ. ಒಟ್ಟು ಸುಮಾರು 280 ಮಿ.ಮೀ. ಹಿಡಿಯುತ್ತದೆ.

ಈ ಕೊನೆಯ ಅಂಕಿಯಲ್ಲೇ ನನ್ನ ತಕರಾರು ಇರುವುದು. ಬಯಲುಸೀಮೆಯವರಿಗೆ 280 ಮಿ.ಮೀ. ಎಂದರೆ ಕೆಲವು ತಿಂಗಳುಗಳ ಮಳೆ. ನಮಗೆ ಆರಿದ್ರಾ, ಪುನರ್ವಸು ಮಳೆಗಳು ಜೋರು ಹಿಡಿದಾಗ ಅದು ಒಂದೇ ದಿನದಲ್ಲಿ ಬಂದುಬಿಡಬಹುದಾದ ಮಳೆ. ಘಟ್ಟದ ಅಂಚಿನ ಊರಿನವರು ಅಂಥ ದಿನ ರಾತ್ರಿ ಮಲಗುವ ಮುನ್ನ ಒಮ್ಮೆ ಅಳೆದು, ಬರೆದಿಟ್ಟು, ಖಾಲಿ ಮಾಡಿ ಮತ್ತೆ ಇಡಬೇಕು. ಬೆಳಗಿನ ಕೆಲಸವೂ ಹಗುರವಲ್ಲ. 130 ಮಿ.ಮೀ. ಬಿದ್ದಿದ್ದರೆ ಒಳಕೊಳವೆಯ ನೀರನ್ನು ಮೊದಲು ಓದಿ ಚೆಲ್ಲಬೇಕು, ಹೊರಕೊಳವೆಯ ನೀರನ್ನು 25-25ರಂತೆ ಅದಕ್ಕೆ ಸುರಿದು ಎಣಿಸುತ್ತ ಹೋಗಬೇಕು. ಮಳೆ ಹೊಯ್ಯುತ್ತಿರುವಾಗಲೇ ಈ ಕೆಲಸ ಮಾಡುವುದು ಕಷ್ಟ. ಆದ್ದರಿಂದ ಎರಡು ಹೊರಕೊಳವೆ ಇಟ್ಟುಕೊಳ್ಳಿ. ತುಂಬಿದ್ದನ್ನು ಜಗುಲಿಗೆ ತಂದು, ಖಾಲಿಯದನ್ನು ಅದರ ಜಾಗದಲ್ಲಿ ಕೂರಿಸಿದರೆ ಒಂದು ಹನಿಯೂ ತಪ್ಪುವುದಿಲ್ಲ.

ಈ ವಿನ್ಯಾಸ ಹಿಮ ಬೀಳುವ ದೇಶಗಳ ಹವ್ಯಾಸಿಗಳಿಗೂ ಒದಗುವಂತೆ ರೂಪುಗೊಂಡದ್ದು. ಅಲ್ಲಿ ಚಳಿಗಾಲದ ಬಿರುಗಾಳಿ ಬರುವ ಮುನ್ನ ಆಲಿಕೆ ಮತ್ತು ಒಳಕೊಳವೆಯನ್ನು ತೆಗೆದಿಡುತ್ತಾರೆ, ಬರಿಯ ಹೊರಕೊಳವೆ ಹಿಮ ಹಿಡಿಯುತ್ತದೆ. ಆಮೇಲೆ ಅದನ್ನು ಒಳಗೆ ತಂದು, ಅಳತೆ ಮಾಡಿದ ಬೆಚ್ಚಗಿನ ನೀರು ಹಾಕಿ ಕರಗಿಸಿ, ಹಾಕಿದಷ್ಟನ್ನು ಕಳೆದರೆ ಹಿಮದೊಳಗಿದ್ದ ನೀರು ಎಷ್ಟೆಂದು ತಿಳಿಯುತ್ತದೆ. ಹಿಮದ ದಪ್ಪವನ್ನು ಬಿಳಿ ಹಲಗೆಯ ಮೇಲೆ ಅಳತೆಪಟ್ಟಿ ನಿಲ್ಲಿಸಿ ಬೇರೆಯಾಗಿ ಅಳೆಯುತ್ತಾರೆ. ಹತ್ತು ಇಂಚು ಹಿಮಕ್ಕೆ ಒಂದು ಇಂಚು ನೀರು ಎಂಬ ರೂಢಿಯ ಲೆಕ್ಕವಿದ್ದರೂ ಒಣಹಿಮ, ಹಸಿಹಿಮಗಳಲ್ಲಿ ಅದು ಬಹಳ ಬದಲಾಗುವುದರಿಂದ ಎರಡೂ ಅಳತೆ ಬೇಕು. ಕೊರೆಯುವ ಚಳಿಯಲ್ಲಿ ಇಷ್ಟು ಮಾಡುವವರ ಬಗ್ಗೆ ನನಗೆ ತುಂಬ ಗೌರವವಿದೆ.

ಅಮೆರಿಕದಲ್ಲಿ ಇಂಥ ಮಾಪಕವನ್ನೇ ಬಳಸುವ ಕೊಕೊರಾಸ್ ಎಂಬ ಸ್ವಯಂಸೇವಕರ ಜಾಲವಿದೆ. ಅದು ಹುಟ್ಟಿದ್ದು 1998ರಲ್ಲಿ, ಕೊಲರಾಡೊದಲ್ಲಿ. ಹಿಂದಿನ ವರ್ಷದ ಜುಲೈನಲ್ಲಿ ಫೋರ್ಟ್ ಕಾಲಿನ್ಸ್ ನಗರದ ಒಂದು ಭಾಗದಲ್ಲಿ ಅಡಿಗೂ ಮಿಕ್ಕಿ ಮಳೆ ಸುರಿದು ಪ್ರವಾಹ ಬಂದಾಗ ಅದೇ ನಗರದ ಇನ್ನೊಂದು ಭಾಗದಲ್ಲಿ ಸಾಧಾರಣ ಮಳೆಯಷ್ಟೇ ಆಗಿತ್ತು. ಇಂಥ ವ್ಯತ್ಯಾಸ ಹಿಡಿಯಲೆಂದೇ ಈ ಜಾಲ ಹುಟ್ಟಿತು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರಬ್ಬೀ ಸಮುದ್ರದ ಗಾಳಿ ಸಹ್ಯಾದ್ರಿಯನ್ನು ಏರುವಾಗ ಘಟ್ಟದ ತಲೆಯ ಮೇಲೆ ನೀರು ಸುರಿಸಿ, ಪೂರ್ವಕ್ಕೆ ಹೋದಂತೆ ಬರಿದಾಗುತ್ತದೆ. ಘಟ್ಟದಂಚಿನ ದೇವಿಮನೆ, ವಾನಳ್ಳಿ ಕಡೆ ಕೊಡೆ ಮುಚ್ಚಲು ಬಿಡುವು ಸಿಗದ ದಿನ ಅದೇ ತಾಲ್ಲೂಕಿನ ಪೂರ್ವದ ಬನವಾಸಿಯಲ್ಲಿ ಬಿಸಿಲು ಇಣುಕಿರುತ್ತದೆ. ‘ಶಿರಸಿಯಲ್ಲಿ ಇಷ್ಟು ಮಳೆ’ ಎಂಬ ಪತ್ರಿಕೆಯ ಒಂದು ಸಾಲು ಈ ಇಬ್ಬರಿಗೂ ಸಲ್ಲುವುದಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿರುವುದೂ ಇದೇ ಕಾರಣಕ್ಕೆ. ಆದರೆ ಮಲೆನಾಡಿನ ಒಂದು ಪಂಚಾಯಿತಿಯೊಳಗೇ ಎಷ್ಟು ಕಣಿವೆ, ಎಷ್ಟು ಗುಡ್ಡ!

ಇದಕ್ಕೆ ಮೊದಲು ನಮ್ಮಲ್ಲಿ ಮೊಬೈಲಿಗೆ ಅಂಕಿ ಕಳಿಸುವ ಒಂದು ಡಿಜಿಟಲ್ ಉಪಕರಣವಿತ್ತು. ಅದರೊಳಗೆ ತೂಗುಮಣೆಯಂತೆ ಆಡುವ ಪುಟ್ಟ ಬಟ್ಟಲುಗಳಿದ್ದು, ತುಂಬಿದ ಬಟ್ಟಲು ಮಗುಚಿದಾಗಲೆಲ್ಲ ಒಂದು ಎಣಿಕೆ. ಮಳೆ ಯಾವ ಗಂಟೆಗೆ ಬಿರುಸಾಯಿತು ಎಂದು ತಿಳಿಯಲು ಅದು ಬಹಳ ಚೆನ್ನ. ಆ ಸುಖ ಕೊಳವೆಯಲ್ಲಿ ಸಿಗುವುದಿಲ್ಲ. ಆದರೆ ಧೋ ಎಂದು ಸುರಿಯುವಾಗ ಬಟ್ಟಲು ಮಗುಚುವ ಆ ಕ್ಷಣದಲ್ಲಿ ಬೀಳುವ ನೀರು ಲೆಕ್ಕ ತಪ್ಪುತ್ತದೆ. ನಮಗೆ ಅಳತೆ ಅತಿ ಅಗತ್ಯವಾದ ದಿನವೇ ಅದು ಕಡಿಮೆ ತೋರಿಸುತ್ತಿತ್ತು. ಜೇಡ ಬಲೆ ಕಟ್ಟಿತು, ಎಲೆಯ ಚೂರು ತೂತು ಮುಚ್ಚಿತು, ಕರೆಂಟ್ ಹೋದಾಗ ವೈಫೈ ಹೋಯಿತು. ಕಾರವಾರದ ಸ್ನೇಹಿತರೊಬ್ಬರ ಮನೆಯಲ್ಲಿ ಇಂಥದ್ದರ ತಿರುಪುಗಳನ್ನೆಲ್ಲ ಉಪ್ಪುಗಾಳಿ ತಿಂದುಹಾಕಿದೆ. ಕೊಳ್ಳುವುದಾದರೆ ಕೊಳವೆಯ ಜೊತೆಗೆ ಎರಡನೆಯದಾಗಿ ಕೊಳ್ಳಿ, ಅದರ ಬದಲಿಗೆ ಬೇಡ.

ಅಡಿಕೆ ತೋಟದವರಿಗೆ ಜಾಗ ಹುಡುಕುವುದೇ ಮೊದಲ ಪರೀಕ್ಷೆ. ಮರವೋ ಮನೆಯ ಮಾಡೋ ಎಷ್ಟು ಎತ್ತರವಿದೆಯೋ ಕನಿಷ್ಠ ಅದರ ಎರಡರಷ್ಟು ದೂರದಲ್ಲಿ ಮಾಪಕ ಇರಬೇಕು. ತೋಟದ ನಡುವೆ ಅದು ಆಗದ ಮಾತು. ಅಡಿಕೆ ಒಣಗಿಸುವ ಅಂಗಳ ಮಳೆಗಾಲದಲ್ಲಿ ಬಿಡುವಾಗಿರುತ್ತದೆ. ಆದರೆ ಗಟ್ಟಿ ನೆಲದಿಂದ ಸಿಡಿದ ಹನಿ ಆಲಿಕೆಗೆ ಬೀಳುತ್ತದೆ. ಅಂಗಳದಾಚೆಯ ಹುಲ್ಲುನೆಲವೋ ಗದ್ದೆಯ ಬದುವೋ ಉತ್ತಮ. ಬಾಯಿ ಮಟ್ಟಸವಾಗಿರಲಿ. ಒಳಗೆ ಪಾಚಿ ಕಟ್ಟುವುದಂತೂ ನಿಶ್ಚಿತ. ಮೃದು ಬ್ರಷ್, ಸ್ವಲ್ಪ ಸೋಪು ಸಾಕು. ತೆಂಗಿನ ನಾರಿನಲ್ಲಿ ಉಜ್ಜಿದರೆ ಗೀರು ಬಿದ್ದು ಅಂಕಿಗಳು ಓದಲಾಗದಂತಾಗುತ್ತವೆ. ಬೇಸಿಗೆಯಲ್ಲಿ ಒಳಗಿಡಿ, ಬಿಸಿಲಿಗೆ ಪ್ಲಾಸ್ಟಿಕ್ ಹಳದಿಯಾಗುತ್ತದೆ.

ಅಳೆಯುವ ಹೊತ್ತು ಬೆಳಿಗ್ಗೆ 8.30. ಭಾರತೀಯ ಹವಾಮಾನ ಇಲಾಖೆಯ ಮಳೆದಿನ ಮುಗಿಯುವುದು ಆಗ. ಎಲ್ಲರೂ ಅದೇ ಹೊತ್ತಿಗೆ ಓದಿದರೆ ಮಾತ್ರ ಹೊನ್ನಾವರದ ಅಂಕಿಯ ಪಕ್ಕದಲ್ಲಿ ಸಿದ್ದಾಪುರದ ಅಂಕಿ ಇಟ್ಟು ನೋಡಲು ಅರ್ಥವಿರುತ್ತದೆ. ಇಲಾಖೆಯ ಪ್ರಕಾರ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಮಳೆಯ ದಿನ, 64.5ರಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5ರಿಂದ ಮೇಲೆ ಅತ್ಯಂತ ಭಾರಿ. ಈ ಅಂಕಿಗಳನ್ನು ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.

ಇದರಿಂದ ಸಿಕ್ಕಿದ್ದೇನು? ತೋಟದ ಕೆಲಸಕ್ಕೆ ಮೊದಲ ಉಪಯೋಗ. ಅಡಿಕೆಯ ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣವನ್ನು (ಮೈಲುತುತ್ತ, ಸುಣ್ಣದ ಮಿಶ್ರಣ) ಮಳೆಗಾಲ ಕಾಲಿಡುವ ಮೊದಲೊಮ್ಮೆ, ಸುಮಾರು 40-45 ದಿನಗಳ ನಂತರ ಮತ್ತೊಮ್ಮೆ ಹೊಡೆಯುತ್ತೇವೆ. ಎರಡನೆಯದಕ್ಕೆ ಹೊಳವು, ಅಂದರೆ ಮಳೆಯ ಬಿಡುವು, ಸಿಗುವುದೇ ಕಷ್ಟ. ಹಿಂದಿನ ವರ್ಷಗಳ ಪುಟ ತಿರುವಿದಾಗ ನಮ್ಮ ಕಣಿವೆಯಲ್ಲಿ ಮಳೆ ಸಾಮಾನ್ಯವಾಗಿ ಯಾವಾಗ ಬಿಡುವು ಕೊಡುತ್ತದೆ ಎಂಬ ಅಂದಾಜು ಸಿಗುತ್ತದೆ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರಿಗೆ ಮುಂಚೆಯೇ ಹೇಳಿಡಬಹುದು. ಒಂದು ಎಚ್ಚರಿಕೆ: ಹವಾಮಾನ ಆಧಾರಿತ ಬೆಳೆ ವಿಮೆಯ ಲೆಕ್ಕ ನಡೆಯುವುದು ಅದಕ್ಕೆಂದು ಗೊತ್ತುಮಾಡಿದ ಮಾಪಕದ ಅಂಕಿಗಳ ಮೇಲೆ. ನಿಮ್ಮ ಪುಸ್ತಕ ಅಲ್ಲಿ ಸಾಕ್ಷಿಯಾಗುವುದಿಲ್ಲ.

ಎರಡನೆಯ ಉಪಯೋಗ ನನಗೆ ಹೆಚ್ಚು ಮುಖ್ಯ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆ ಊರಿನಲ್ಲಿ ಗುಡ್ಡ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಂದು, ಜನರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಗುಡ್ಡಕ್ಕೆ ಒಂದು ದಿನದ ಮಳೆಯಷ್ಟೇ ಲೆಕ್ಕವಲ್ಲ, ಅದಕ್ಕೂ ಹಿಂದಿನ ದಿನಗಳಲ್ಲಿ ನೆಲ ಕುಡಿದಿಟ್ಟ ನೀರೂ ಲೆಕ್ಕ. ಅಂದಿನಿಂದ ದಿನದ ಅಂಕಿಯ ಪಕ್ಕದಲ್ಲಿ ಮೂರು ದಿನಗಳ ಮೊತ್ತ, ಏಳು ದಿನಗಳ ಮೊತ್ತ ಎಂದು ಎರಡು ಸಾಲು ಹೆಚ್ಚು ಎಳೆದಿದ್ದೇನೆ. ಅದನ್ನು ನೋಡಿ ಗುಡ್ಡ ಕುಸಿಯುತ್ತದೆಯೇ ಇಲ್ಲವೇ ಎಂದು ಯಾರೂ ಹೇಳಲಾರರು. ಆದರೆ ಧರೆಯ, ಅಂದರೆ ಗುಡ್ಡದ ಕಡಿದಾದ ಬದಿಯ, ಬುಡದಲ್ಲಿ ಮನೆಯಿರುವ ನೆರೆಯವರು ಬೆಳಿಗ್ಗೆ ಫೋನ್ ಮಾಡಿ ಆ ಮೊತ್ತ ಕೇಳುತ್ತಾರೆ, ಕೇಳಿ ರಾತ್ರಿ ಎಲ್ಲಿ ಮಲಗಬೇಕೆಂದು ತೀರ್ಮಾನಿಸುತ್ತಾರೆ.

ತಯಾರಕರಲ್ಲಿ ನನ್ನ ಕೋರಿಕೆ ಒಂದೇ. ಪಶ್ಚಿಮ ಘಟ್ಟಕ್ಕೆಂದು 500 ಮಿ.ಮೀ. ಹಿಡಿಯುವ ಹೊರಕೊಳವೆ ಮಾಡಿ, ಬಿಡಿಯಾಗಿಯೂ ಮಾರಿ. ಅಲ್ಲಿಯವರೆಗೆ ಕೊಳ್ಳುವವರು ಮೇ ತಿಂಗಳೊಳಗೇ ಕೊಂಡು ಕಂಬ ನೆಟ್ಟುಕೊಳ್ಳಿ. ಮಿರ್ಗದ (ಮೃಗಶಿರಾ) ಮಳೆ ಹಿಡಿದ ಮೇಲೆ ಗುಂಡಿ ತೋಡಿದರೆ ಕಂಬ ನೆಟ್ಟಗೆ ನಿಲ್ಲುವುದಿಲ್ಲ.