ಒಂದೇ ದಿನದಲ್ಲಿ ಕುಂಟು ವಾಸಿ ಮಾಡ್ತೀನಿ ಅನ್ನೋ ಲಾಳದವರ ಬಗ್ಗೆ ಹುಷಾರ್

ಮೈಸೂರು, ಮಂಡ್ಯ ಕಡೆ ವಯಸ್ಸಾದ ಕುದುರೆ ಸಾಕಿರೋರು ದಯವಿಟ್ಟು ಓದಿ. ಲಾಳ ಹೊಡೆಯೋ ಜೊತೆಗೆ ಡಾಕ್ಟರಿಕೆಯನ್ನೂ ಮಾಡೋ ಮನುಷ್ಯ ಒಬ್ಬ ತಿರುಗ್ತಿದ್ದಾನೆ. ಹೆಸರು ಹಾಕಲ್ಲ, ಕೆಲಸ ಹೇಳ್ತೀನಿ.

ನಮ್ಮ ಕುದುರೆಗೆ 20 ವರ್ಷ ದಾಟಿದೆ. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿತ್ತು. ಗೊರಸು ಬಿಸಿ. ಗೊರಸಿನ ಮೇಲಿನ ಕೀಲಿನ ಹಿಂದೆ ಬೆರಳಿಟ್ಟರೆ ನಾಡಿ ಜೋರಾಗಿ ಬಡೀತಿತ್ತು. ಲ್ಯಾಮಿನೈಟಿಸ್ (ಗೊರಸಿನೊಳಗಿನ ಉರಿಯೂತ) ಇರಬಹುದು ಅಂದರೆ ಈತ, "ತಲೆ ಕುಣಿಸ್ತಿಲ್ಲ ಸಾರ್, ಕುಂಟೇ ಅಲ್ಲ ಇದು, ಲಾಳ ಬಿಗಿಯಾಗಿದೆ" ಅಂದ. ಒಂದು ಮುಂಗಾಲು ನೊಂದರೆ ಅದನ್ನು ಊರುವಾಗ ತಲೆ ಮೇಲೇಳುತ್ತೆ, ಸರಿ. ಎರಡೂ ಒಂದೇ ಸಮ ನೊಂದರೆ ತಲೆ ಯಾಕ್ರೀ ಕುಣಿಯುತ್ತೆ? ಹೆಜ್ಜೆ ಗಿಡ್ಡ ಆಗುತ್ತೆ, ತಿರುಗುವಾಗ ತಡವರಿಸುತ್ತೆ, ಅಷ್ಟೆ.

ಕತ್ತಿಗೆ ಒಂದು ಇಂಜೆಕ್ಷನ್ ಕೊಟ್ಟ. "ಬಿ ಕಾಂಪ್ಲೆಕ್ಸ್." ಗೊರಸಿನ ತಳ ತೆಳ್ಳಗೆ ಹೆರೆದು ಹೊಸ ಲಾಳ ಬಡಿದ. ಸಂಜೆಗೆ ಕುದುರೆ ನಡೀತು! "ನೋಡಿ ಸಾರ್, ಮರಿ ಥರ ಓಡ್ತಿದೆ." ದುಡ್ಡು ಎಣಿಸಿಕೊಂಡಿದ್ದೂ ಆಗಲೇ. ಆಮೇಲೆ ಲಾಯದ ಮೂಲೆಯಲ್ಲಿ ಸಿಕ್ಕ ಬಾಟಲಿ ಮೇಲೆ ಇದ್ದದ್ದು ಫಿನೈಲ್‌ಬ್ಯುಟಜೋನ್. ನೋವಿನ ಔಷಧಿ. ಡಾಕ್ಟರೂ ಕೊಡ್ತಾರೆ, ಆದರೆ ತೂಕ ನೋಡಿ, ಕುದುರೆಯನ್ನು ನಿಲ್ಲಿಸಿಟ್ಟು. ನೋವು ಮರೆಸಿ ಓಡಿಸಿದರೆ ಗೊರಸಿಗೂ ಒಳಗಿನ ಮೂಳೆಗೂ ಇರೋ ಹಿಡಿತ ಇನ್ನೂ ಹರಿಯುತ್ತೆ, ಮೂಳೆ ಕೆಳಕ್ಕೆ ತಿರುಗುತ್ತೆ.

ಔಷಧಿ ಇಳಿದ ಮೇಲೆ ಕುದುರೆ ಏಳಲೇ ಇಲ್ಲ. ಫೋನ್ ಮಾಡಿದರೆ, "ವಯಸ್ಸಾಯ್ತಲ್ಲ ಸಾರ್. ದಿನಾ ಓಡಿಸಿ, ಬೆಲ್ಲ ಕೊಡಿ, ಶಕ್ತಿ ಬರುತ್ತೆ." ಬೆಲ್ಲ! ಮುದಿ ಕುದುರೆಗಳಲ್ಲಿ ಇನ್ಸುಲಿನ್ ಏರಿಯೇ ಎಷ್ಟೋ ಸಲ ಈ ರೋಗ ಬರೋದು. ಬೆಲ್ಲ, ಬೂಸಾ, ನಮ್ಮ ಕಡೆ ಸುಲಭಕ್ಕೆ ಸಿಗೋ ಕಬ್ಬಿನ ಸೋಗೆ, ಎಲ್ಲ ಬಂದ್ ಮಾಡಬೇಕು. ನೀರಲ್ಲಿ ನೆನೆಸಿ ಸಕ್ಕರೆ ಅಂಶ ಇಳಿಸಿದ ಒಣಹುಲ್ಲು ಸಾಕು. ಬೇಸಿಗೆ ಬಂದರೂ ಉದುರದ ಉದ್ದ ಗುಂಗುರು ಕೂದಲಿದ್ದರೆ ಪಿಪಿಐಡಿ (ಮುದಿ ಕುದುರೆಗಳಿಗೆ ಬರೋ ಪಿಟ್ಯುಟರಿ ಗ್ರಂಥಿಯ ರೋಗ) ಪರೀಕ್ಷೆನೂ ಮಾಡಿಸಿ.

ಪಶುವೈದ್ಯರು ಲಾಳ ಕಿತ್ತಾಗ ಒಂದು ಮೊಳೆಯ ತೂತಿನಿಂದ ಕೀವು ಬಂತು. ಗೊರಸಿನ ತಳದ ಅಂಚಲ್ಲಿ ಕಾಣೋ ಬಿಳಿ ಗೆರೆಯ ಹೊರಗಿರಬೇಕಾದ ಮೊಳೆ ಒಳಗೆ, ಜೀವ ಇರೋ ಭಾಗಕ್ಕೆ ಹೊಕ್ಕಿತ್ತು. ಇಂಥ ಗಾಯಕ್ಕೆ ಟೆಟನಸ್ ಇಂಜೆಕ್ಷನ್ ಬೇಕೇ ಬೇಕು. ಕೀವು ಇಳಿಯೋಕೆ ಎಪ್ಸಮ್ ಉಪ್ಪಿನ ಬೆಚ್ಚನೆ ನೀರು, ಬ್ಯಾಂಡೇಜು, ಕಾಲ ಕೆಳಗೆ ದಪ್ಪಗೆ ಮರಳು.

ಗೊರಸು ತಿಂಗಳಿಗೆ ಒಂದು ಸೆಂಟಿಮೀಟರೂ ಬೆಳೆಯಲ್ಲ, ಮುಂಭಾಗ ಪೂರ್ತಿ ಹೊಸದಾಗೋಕೆ ಹತ್ತಿರ ಹತ್ತಿರ ವರ್ಷ ಬೇಕು. ಒಂದೇ ದಿನದಲ್ಲಿ ಏನ್ರೀ ವಾಸಿ ಮಾಡ್ತಾನೆ ಇವನು? ದಸರಾ ಬಾಡಿಗೆ ತಪ್ಪುತ್ತೆ ಅಂತ ಟಾಂಗಾದವರು ಇಂಥವರ ಕೈಗೆ ಸಿಗೋದು ಸುಲಭ. ಎಕ್ಸ್‌ರೇ ಇಲ್ಲದೆ ತಳ ಹೆರೆಯೋಕೆ ಬಿಡಬೇಡಿ. ಬಾಟಲಿ ಹೆಸರು ಓದದೆ ಸೂಜಿ ಚುಚ್ಚಿಸಬೇಡಿ.

ದುಡ್ಡು ವಾಪಸ್ ಕೇಳಿದ್ದಕ್ಕೆ ಬಂದ ಉತ್ತರ: "ನಾನು ತಗೊಂಡಿದ್ದು ಲಾಳದ ದುಡ್ಡು ಸಾರ್. ಇಂಜೆಕ್ಷನ್ ಫ್ರೀಯಾಗಿ ಕೊಟ್ಟಿದ್ದೆ." ಈಗ ಫೋನೂ ಎತ್ತಲ್ಲ.