ಟಾಕೀಸೋ, ಮಲ್ಟಿಪ್ಲೆಕ್ಸೋ, ಹೈದರಾಬಾದೋ, ಚಿತ್ರೋತ್ಸವವೋ: ಕಲಬುರಗಿಯಿಂದ ಒಂದು ಲೆಕ್ಕ

ಕಲಬುರಗಿಯಲ್ಲಿ ಸಿನಿಮಾ ಹುಚ್ಚು ಹಚ್ಚಿಕೊಂಡವರಿಗೆ ದಾರಿ ನಾಲ್ಕು. ಊರಿನ ಹಳೆ ಟಾಕೀಸು, ಊರಿನದೇ ಮಲ್ಟಿಪ್ಲೆಕ್ಸ್, ರೈಲು ಹತ್ತಿದರೆ ಹೈದರಾಬಾದ್, ರಜೆ ಹಾಕಿದರೆ ಬೆಂಗಳೂರಿನ ಚಿತ್ರೋತ್ಸವ. ನಾಲ್ಕೂ ಕಡೆ ಕೂತು ನೋಡಿದ್ದೇನೆ. ಎಲ್ಲ ಸೌಕರ್ಯ ಇರುವ ಮಲ್ಟಿಪ್ಲೆಕ್ಸೇ ನನ್ನ ಪಟ್ಟಿಯಲ್ಲಿ ಕೊನೆಗೆ ನಿಂತಿದೆ. ಯಾಕೆ ಅಂತ ಹೇಳ್ತೀನಿ.

ಮೊದಲು ಟಾಕೀಸು. ಸ್ಟಾರ್ ಸಿನಿಮಾ ಬಂದರೆ ನಾನು ಬೇರೆ ಕಡೆ ಹೋಗುವುದಿಲ್ಲ. ನಮ್ಮ ಕಡೆಯ ಜನಕ್ಕೆ ಕನ್ನಡ, ಹಿಂದಿ, ತೆಲುಗು ಮೂರೂ ತಿಳಿಯುತ್ತವೆ. ಯಾವ ಭಾಷೆಯ ಹೀರೋ ಬಂದರೂ ಸೀಟಿ ಬೀಳುತ್ತದೆ, ಡೈಲಾಗು ಅರ್ಧಕ್ಕೇ ಮುಳುಗಿಹೋಗುತ್ತದೆ. ಯಾರಿಗೂ ಅದರ ಬೇಜಾರಿಲ್ಲ. ಇಂಟರ್ವಲ್‌ನಲ್ಲಿ ಗೇಟಿನವನು ಹೊರಗೆ ಬಿಡ್ತಾನೆ, ಎದುರಿನ ಬಂಡಿಯಲ್ಲಿ ಮಿರ್ಚಿ ಭಜ್ಜಿ ತಿಂದು ಬಂದರೂ ಸೀಟು ಹಾಗೇ ಇರುತ್ತದೆ. ಏಪ್ರಿಲ್, ಮೇ ತಿಂಗಳ ಮ್ಯಾಟಿನಿ ಮಾತ್ರ ಬೇಡ. ಹೊರಗೆ 42 ಡಿಗ್ರಿ ಇದ್ದಾಗ ಒಳಗಿನ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತದೆ.

ತೊಂದರೆ ಶುರುವಾಗುವುದು ಸಬ್‌ಟೈಟಲ್ ಇರುವ ಚಿತ್ರ ಬಂದಾಗ. ಒಮ್ಮೆ ಮಲಯಾಳಂ ಚಿತ್ರವೊಂದು ಅದೇ ಭಾಷೆಯಲ್ಲಿ ಬಂದಿತ್ತು. ಚಿತ್ರ ಪರದೆಯಿಂದ ಸ್ವಲ್ಪ ಕೆಳಗೆ ಜಾರಿತ್ತು. ಸಬ್‌ಟೈಟಲ್ಲಿನ ಎರಡನೇ ಸಾಲು ಕೆಳಗಿನ ಕಪ್ಪು ಬಟ್ಟೆಯ ಮೇಲೆ ಬಿದ್ದು ಅಲ್ಲೇ ಮಾಯವಾಗುತ್ತಿತ್ತು. "ಅಕ್ಷರ ಕಾಣವಲ್ವು ರೀ, ಮ್ಯಾಲ ಎತ್ರಿ" ಅಂತ ಹಿಂದಿನ ಸಾಲಿನವರು ಕೂಗಿದರು. ಯಾರೂ ಎತ್ತಲಿಲ್ಲ. ಇಡೀ ಸಿನಿಮಾ ಅರ್ಧ ವಾಕ್ಯದಲ್ಲೇ ಮುಗಿಯಿತು.

ಮಲ್ಟಿಪ್ಲೆಕ್ಸ್‌ನಲ್ಲಿ ಈ ಗೋಳಿಲ್ಲ. ಎಸಿ ಇದೆ, ಸೀಟು ಮೆತ್ತಗಿದೆ, ಸೌಂಡು ಸ್ಪಷ್ಟ. ಆದರೆ ಟಾಕೀಸಿನಲ್ಲಿ ಓಡುವ ಸಿನಿಮಾವೇ ಇಲ್ಲೂ ಓಡುತ್ತದೆ, ದುಡ್ಡು ಮಾತ್ರ ಜಾಸ್ತಿ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್ಟಿಗೆ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತು. ಖುಷಿಪಡುವಷ್ಟರಲ್ಲಿ ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಜಿಎಸ್‌ಟಿ ಇಳಿದದ್ದೂ ಟಾಕೀಸಿನವರ ಪಾಲಿಗೇ: 100 ರೂಪಾಯಿ ತನಕದ ಟಿಕೆಟ್ಟಿಗೆ ಶೇ 12 ಇದ್ದದ್ದು 5 ಆಯಿತು, ಅದರ ಮೇಲಿನದಕ್ಕೆ 18 ಹಾಗೇ ಉಳಿಯಿತು. ಪ್ರಶಸ್ತಿ ಬಂದ ಚಿತ್ರಗಳನ್ನು ತಂದು ಹಾಕಿದರೆ ನಾನು ದುಡ್ಡಿನ ಮುಖ ನೋಡುತ್ತಿರಲಿಲ್ಲ. ತರುವುದಿಲ್ಲ. ನೋಡುವವರು ನಾವು ಹತ್ತು ಮಂದಿ, ಅವರಾದರೂ ಏನು ಮಾಡಿಯಾರು?

ಹೈದರಾಬಾದ್ ನಮಗೆ ಸುಮಾರು 220 ಕಿಲೋಮೀಟರ್. ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಬೆಳಗಿನ ರೈಲಿಗೆ ಹೋಗಿ ಒಂದು ಸಿನಿಮಾ ನೋಡಿ ರಾತ್ರಿ ವಾಪಸ್ ಬರಬಹುದು. ಹುಸೇನ್ ಸಾಗರದ ಪಕ್ಕದ ಪ್ರಸಾದ್ಸ್ ಮಲ್ಟಿಪ್ಲೆಕ್ಸ್‌ಗೆ ಈಗಲೂ ನಮ್ಮ ಹುಡುಗರು ಐಮ್ಯಾಕ್ಸ್ ಅಂತಲೇ ಹೇಳುತ್ತಾರೆ. ಐಮ್ಯಾಕ್ಸ್ ಹೋಗಿ ವರ್ಷಗಳಾದವು, ಈಗ ಅದು ಪಿಸಿಎಕ್ಸ್, ಅಂದರೆ ಪ್ರಸಾದ್ಸ್‌ನವರದೇ ದೊಡ್ಡ ಪರದೆ. ಹೆಸರು ಏನಾದರೂ ಇರಲಿ, ಪರದೆ 101 ಅಡಿ ಅಗಲ. ಯುದ್ಧ, ಬಾಹ್ಯಾಕಾಶ, ಸಮುದ್ರ ಇರುವ ಸಿನಿಮಾ ಅಲ್ಲೇ ನೋಡಬೇಕು. ಆಸ್ಕರ್ ಹೊತ್ತಿನ ಇಂಗ್ಲಿಷ್ ಚಿತ್ರಗಳೂ ಆ ಊರಿನ ಮಲ್ಟಿಪ್ಲೆಕ್ಸುಗಳಿಗೆ ಒಂದು ವಾರದ ಮಟ್ಟಿಗೆ ಬಂದುಹೋಗುತ್ತವೆ. ಆದರೆ ಇಂಟರ್ವಲ್ ಕಾಟ ಇದೆ. ಇಂಟರ್ವಲ್ ಇಲ್ಲದೇ ತೆಗೆದ ಸಿನಿಮಾವನ್ನು ಪಾತ್ರ ಮಾತಾಡುತ್ತಿರುವಾಗಲೇ ಕತ್ತರಿಸಿ ಪಾಪ್‌ಕಾರ್ನ್ ಜಾಹೀರಾತು ಹಾಕುತ್ತಾರೆ. ಒಂದು ಸಿನಿಮಾಕ್ಕೆ ಒಂದಿಡೀ ದಿನ ಕೊಟ್ಟು ಹೋದವನಿಗೆ ಇದು ಸಿಟ್ಟು ತರಿಸದೇ ಇರುತ್ತದೆಯೇ?

ಇನ್ನು ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ. ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುವುದು. 2025ರ 16ನೇ ಉತ್ಸವ ಮಾರ್ಚ್ 1ರಿಂದ 8ರವರೆಗೆ ರಾಜಾಜಿನಗರದ ಒರಾಯನ್ ಮಾಲ್‌ನಲ್ಲಿ ಇತ್ತು. ಪಾಸಿಗೆ 800 ರೂಪಾಯಿ. ವಿದ್ಯಾರ್ಥಿಗಳಿಗೆ, ಹಿರಿಯರಿಗೆ, ಫಿಲ್ಮ್ ಸೊಸೈಟಿ ಸದಸ್ಯರಿಗೆ 400. ದಿನಕ್ಕೆ ನಾಲ್ಕರಂತೆ ನಾಲ್ಕು ದಿನ ನೋಡಿದರೆ 16 ಚಿತ್ರ, ಅಂದರೆ ಒಂದಕ್ಕೆ 50 ರೂಪಾಯಿ. ಟಾಕೀಸಿನ ಬಾಲ್ಕನಿಗಿಂತ ಸೋವಿ! ಲಾಡ್ಜು, ರೈಲು ಸೇರಿಸಿದರೆ ಏರುತ್ತದೆ, ನಿಜ. ಅದಕ್ಕೇ ಎರಡು ದಿನಕ್ಕೆ ಅಂತ ಹೋಗಲೇಬಾರದು. ಹೋದರೆ ನಾಲ್ಕು ದಿನ ಕೂರಬೇಕು. ಬೆಳಿಗ್ಗೆಯ ವಂದೇ ಭಾರತ್ ಹಿಡಿದರೆ ತಲುಪುವಾಗಲೇ ಮಧ್ಯಾಹ್ನವಾಗಿ ಎರಡು ಶೋ ಕೈತಪ್ಪುತ್ತವೆ. ರಾತ್ರಿ ರೈಲೇ ವಾಸಿ.

ಅಲ್ಲಿ ಇಂಟರ್ವಲ್ ಇಲ್ಲ. ಇದೊಂದಕ್ಕೇ ನಾನು ಪೂರ್ತಿ ಅಂಕ ಕೊಡುತ್ತೇನೆ. ಕಷ್ಟ ಅಂದರೆ ಕ್ಯೂ. ಪಾಸ್ ಇದ್ದ ಮಾತ್ರಕ್ಕೆ ಸೀಟಿಲ್ಲ, ಮೊದಲು ಬಂದವರಿಗೆ ಮೊದಲು. ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಹೆಸರು ಮಾಡಿದ ಚಿತ್ರ ಅಂದರೆ ಒಂದು ಗಂಟೆ ಮುಂಚೆಯೇ ನಿಲ್ಲಬೇಕು. ಒಂದನ್ನು ನೋಡಿ ಹೊರಬರುವಷ್ಟರಲ್ಲಿ ಮುಂದಿನದರ ಕ್ಯೂ ಮೆಟ್ಟಿಲು ಇಳಿದಿರುತ್ತದೆ. ಊಟ ಅನ್ನುವುದು ನಿಂತಲ್ಲೇ ಬಾಳೆಹಣ್ಣು, ಬಿಸ್ಕತ್ತು.

ಆ ವರ್ಷ ಆಸ್ಕರ್ ಕೂಡ ನಡುವೆಯೇ ಬಂತು, ನಮ್ಮ ಮಾರ್ಚ್ 3ರ ಬೆಳಿಗ್ಗೆ 5.30ಕ್ಕೆ. ಲಾಡ್ಜಿನಲ್ಲಿ ಶುರು ಮಾಡಿ, ಮೆಟ್ರೋದಲ್ಲಿ ಮುಂದುವರಿಸಿ, ಕೊನೆಯ ಪ್ರಶಸ್ತಿ ಕ್ಯೂನಲ್ಲಿ ನಿಂತು ಫೋನಿನಲ್ಲೇ ನೋಡಿದೆ. ಪಕ್ಕದಲ್ಲಿದ್ದ ಶಿವಮೊಗ್ಗದ ಮೇಷ್ಟ್ರು ಒಬ್ಬರು ಇಯರ್‌ಫೋನಿನ ಒಂದು ಕಿವಿ ಇಸ್ಕೊಂಡರು. "ಅನೋರಾ" ಚಿತ್ರಕ್ಕೆ ಐದು ಪ್ರಶಸ್ತಿ ಬಂದಾಗ "ಅದ್ಯಾಕ್ರೀ ಅಷ್ಟೊಂದು?" ಅಂದರು. ಗೇಟು ತೆಗೆಯುವ ತನಕ ಜಗಳ. ಸೋಫಾದಲ್ಲಿ ಒಬ್ಬನೇ ಕೂತು ನೋಡಿದಾಗ ಇಂಥ ಜಗಳ ಎಲ್ಲಿ ಸಿಗಬೇಕು?

ಹಾಗಂತ ಮನೆಯ ಟಿವಿಯನ್ನು ಹೀಗಳೆಯುವುದಿಲ್ಲ. ಎದ್ದು ನೀರು ಕುಡಿದು ಬರಬಹುದು. ಅವ್ವನ ಪಕ್ಕ ಕೂತು ಇಂಗ್ಲಿಷ್ ಸಬ್‌ಟೈಟಲ್ಲನ್ನು ಕನ್ನಡದಲ್ಲಿ ಹೇಳುತ್ತಾ ನೋಡಬಹುದು. ಚಿತ್ರೋತ್ಸವದಲ್ಲಿ ಹಾಗೆ ಪಿಸುಗುಟ್ಟಿದರೆ ಮುಂದಿನವರು ತಿರುಗಿ ನೋಡುತ್ತಾರೆ. ಉದ್ದ ಶಾಟಿನ ನಿಧಾನದ ಚಿತ್ರ ಮಾತ್ರ ಮನೆಯಲ್ಲಿ ನನ್ನ ಕೈಲಿ ಆಗುವುದಿಲ್ಲ. ಹತ್ತು ನಿಮಿಷಕ್ಕೆ ಕೈ ಫೋನಿಗೆ ಹೋಗುತ್ತದೆ.

ಬೀದರಿನ ಗೆಳೆಯರು ಈ ಲೆಕ್ಕ ಒಪ್ಪುವುದಿಲ್ಲ. ಅವರಿಗೆ ಹೈದರಾಬಾದ್ 140 ಕಿಲೋಮೀಟರ್ ಅಷ್ಟೇ, ಬೆಂಗಳೂರು ನಮಗಿಂತಲೂ ದೂರ. ಅವರ ಜಾಗದಲ್ಲಿ ನಾನಿದ್ದರೆ ಪ್ರಸಾದ್ಸ್ ಮೊದಲು, ಚಿತ್ರೋತ್ಸವ ಎರಡನೆಯದು. ಕಲಬುರಗಿ, ಯಾದಗಿರಿಯವರಿಗೆ ಚಿತ್ರೋತ್ಸವವೇ ಮೊದಲು. ತಾರೀಕು ಗೊತ್ತಾದ ದಿನವೇ ಸ್ಲೀಪರ್ ಬುಕ್ ಮಾಡಿ. ಸಿನಿಮಾಗಳ ಪಟ್ಟಿ ಬರಲಿ ಅಂತ ಕಾದರೆ ವೇಟಿಂಗ್ ಲಿಸ್ಟೇ ಗತಿ.