ಪತ್ರಮಿತ್ರರಿಗೆ ಬರೆಯಲು ಇಮೇಲ್, ಆ್ಯಪ್, ಪೋಸ್ಟ್‌ಕಾರ್ಡ್, ಕಾಗದ: ನಾಲ್ಕನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೈಯಲ್ಲಿ ಬರೆದ ಕಾಗದಕ್ಕೆ. ಮುಖ ನೋಡಿರದ ಒಬ್ಬರ ಜೊತೆ ಬರವಣಿಗೆಯಲ್ಲೇ ಸ್ನೇಹ ಬೆಳೆಸಬೇಕು ಅನ್ನುವ ಆಸೆಗೆ ನಾನು ನಾಲ್ಕು ದಾರಿ ಹಿಡಿದಿದ್ದೇನೆ. ಇಮೇಲ್‌ನಲ್ಲಿ ಬರೆದೆ. ಪತ್ರಮಿತ್ರರ ಆ್ಯಪ್ ಒಂದಕ್ಕೆ ಚಂದಾ ಕಟ್ಟಿದೆ. ಅಪರಿಚಿತರಿಗೆ ಪೋಸ್ಟ್‌ಕಾರ್ಡ್ ಕಳಿಸುವ ಪೋಸ್ಟ್‌ಕ್ರಾಸಿಂಗ್ ಅನ್ನುವ ವೆಬ್‌ಸೈಟ್ ಸೇರಿ ಕಾರ್ಡು ಕಳಿಸಿದೆ. ಆಮೇಲೆ ಒಂದು ಇಂಕ್ ಪೆನ್ನು, ಒಂದು ಬಾಟಲಿ ಇಂಕು, ಒಂದು ಕಟ್ಟು ಬಿಳಿ ಹಾಳೆ ಕೊಂಡೆ. ಕೊಟ್ಟ ದುಡ್ಡು ಪೂರ್ತಿ ಕೈಹತ್ತಿದ್ದು ಈ ಕೊನೆಯದರಲ್ಲಿ.

ಮೆಸೇಜ್ ಬೇಗ, ಅಂಚೆ ನಿಧಾನ ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಅದನ್ನು ಬಿಟ್ಟು ಉಳಿದದ್ದನ್ನು ನೋಡೋಣ.

ಇಮೇಲ್ ವಿಷಯ ಬೇಗ ಮುಗಿಯುತ್ತದೆ. ಪುಕ್ಕಟೆ, ಸಲೀಸು, ಎಷ್ಟುದ್ದ ಬೇಕಾದರೂ ಬರೆಯಬಹುದು. ಆದರೆ ಯಾರೂ ಬರೆಯುವುದಿಲ್ಲ. ಬ್ಯಾಂಕಿನ ನೋಟೀಸು, ಆಫೀಸಿನ ಮೀಟಿಂಗು, ಕರೆಂಟ್ ಬಿಲ್ಲು ಇವುಗಳ ನಡುವೆ ಸ್ನೇಹಿತರ ಪತ್ರವೂ ಬಂದು ಕೂತಾಗ, ಅದನ್ನೂ ಅದೇ ಅವಸರದಲ್ಲಿ ಓದಿ ಅದೇ ಅವಸರದಲ್ಲಿ ಉತ್ತರ ಹಾಕುತ್ತೇವೆ. ನಾನೂ ಒಬ್ಬ ಸ್ನೇಹಿತರೂ ಬರೆದುಕೊಳ್ಳುತ್ತಿದ್ದದ್ದು ಶುರುವಿನಲ್ಲಿ ಪುಟಗಟ್ಟಲೆ ಇತ್ತು, ಬರಬರುತ್ತಾ ನಾಲ್ಕು ಸಾಲಿಗೆ ಇಳಿಯಿತು. ನಮ್ಮಿಬ್ಬರ ನಡುವೆ ಜಗಳವಿಲ್ಲ, ಬೇಸರವಿಲ್ಲ. ಸುಮ್ನೆ ನಿಂತುಹೋಯಿತು.

ಆ್ಯಪ್ ಮೇಲೆ ನನಗೆ ಜಾಸ್ತಿ ನಂಬಿಕೆ ಇತ್ತು. ಈ ಬಗೆಯದರಲ್ಲಿ ಹೆಸರು ಮಾಡಿದ್ದು 2017ರಲ್ಲಿ ಬಂದ ಸ್ಲೋಲಿ. ಅದರಲ್ಲಿ ಬರೆದ ಪತ್ರ ಕೂಡಲೇ ತಲುಪುವುದಿಲ್ಲ. ಇಬ್ಬರ ನಡುವಿನ ದೂರ ನೋಡಿ ಆ್ಯಪ್ ಬೇಕೆಂದೇ ತಡಮಾಡುತ್ತದೆ. ಹತ್ತಿರದವರಿಗೆ ಬೇಗ, ಬೇರೆ ಖಂಡದವರಿಗೆ ಗಂಟೆಗಟ್ಟಲೆ ಕಾಯಿಸಿ. ಈ ಉಪಾಯ ನನಗೆ ಇವತ್ತಿಗೂ ಇಷ್ಟ. ಉತ್ತರ ಕೂಡಲೇ ಬರುವುದಿಲ್ಲ ಅಂತ ಗೊತ್ತಾದರೆ ಮನುಷ್ಯ ಸ್ವಲ್ಪ ಯೋಚಿಸಿ ಬರೆಯುತ್ತಾನೆ. ಇದೇ ಜಾಡಿನಲ್ಲಿ ಬೇರೆ ಆ್ಯಪ್‌ಗಳೂ ಇವೆ. ನಾನು ದುಡ್ಡು ಕಟ್ಟಿದ ಆ್ಯಪ್‌ನ ಹೆಸರು ಬೇಡ. ನನಗಾದ ತೊಂದರೆ ಆ ಒಂದು ಆ್ಯಪ್‌ನದ್ದಲ್ಲ, ಈ ಇಡೀ ಪದ್ಧತಿಯದ್ದು.

ಶುರು ಮಾಡುವುದು ತೀರಾ ಸುಲಭ, ಅದೇ ತೊಂದರೆ. ಒಬ್ಬರು ಒಂದೇ ಸಂಜೆ ಹತ್ತಾರು ಜನರಿಗೆ ಬರೆಯಬಹುದು, ಹಾಗೇ ಬರೆಯುತ್ತಾರೆ. ಬಂದ ಮೊದಲ ಪತ್ರಗಳಲ್ಲಿ ಬಹಳಷ್ಟು ಒಂದೇ ಅಚ್ಚಿನವು: ನನ್ನ ಹವ್ಯಾಸ ಇವು, ನಿಮ್ಮ ಬಗ್ಗೆ ಹೇಳಿ. ಇವನ್ನು ದಾಟಿ ಒಬ್ಬರು ಸಿಕ್ಕರು. ತಮ್ಮ ಅಜ್ಜಿಯ ಬಗ್ಗೆ ಬರೆಯುತ್ತಿದ್ದರು. ಅಜ್ಜಿಗೆ ಮರೆವಿನ ಕಾಯಿಲೆ. ಮೊಮ್ಮಗನನ್ನು ಬೆಳಿಗ್ಗೆ ಗುರುತಿಸಿ ಮಧ್ಯಾಹ್ನ ಯಾರೋ ಬಾಡಿಗೆಯವರು ಅಂದುಕೊಂಡು ಬಾಡಿಗೆ ಕೇಳುತ್ತಿದ್ದರಂತೆ. ಎಷ್ಟು ಚೆನ್ನಾಗಿ ಬರೆಯುತ್ತಿದ್ದರು! ಒಂದು ದಿನ ನೋಡಿದರೆ ಅವರ ಖಾತೆಯೇ ಇಲ್ಲ. ಅಜ್ಜಿ ಹೇಗಿದ್ದಾರೆ ಅಂತ ಕೇಳಲು ನನ್ನ ಹತ್ತಿರ ವಿಳಾಸವಿಲ್ಲ, ಪೂರ್ತಿ ಹೆಸರೂ ಇಲ್ಲ. ಅವರು ಇಟ್ಟುಕೊಂಡಿದ್ದ ಅಡ್ಡಹೆಸರು ಮಾತ್ರ ಗೊತ್ತು. ಅವರಿಗೆ ಅವರದೇ ಕಾರಣ ಇದ್ದೀತು, ತಪ್ಪು ಹುಡುಕುತ್ತಿಲ್ಲ. ಆದರೆ ಒಂದು ಬಟನ್ ಒತ್ತಿದರೆ ಇಲ್ಲವಾಗುವ ಸ್ನೇಹಕ್ಕೆ ಮನಸ್ಸು ಹಾಕಲು ನನಗೆ ಆಮೇಲೆ ಆಗಲಿಲ್ಲ.

ಮನೆ ವಿಳಾಸ ಕೊಡಲು ಹಿಂಜರಿಯುವವರಿಗೆ, ಪೆನ್ನು ಹಿಡಿದರೆ ಕೈ ನೋಯುವವರಿಗೆ ಆ್ಯಪ್ ಒಳ್ಳೆಯದೇ. ವಿಳಾಸದ ಭಯ ಒಂದೇ ಆದರೆ ಅಂಚೆ ಕಚೇರಿಯ ಪೋಸ್ಟ್ ಬಾಕ್ಸ್ ತೆಗೆದುಕೊಂಡು ಕಾಗದವನ್ನೇ ಬರೆಯಬಹುದು.

ಪೋಸ್ಟ್‌ಕ್ರಾಸಿಂಗ್ ಬಗ್ಗೆ ನನಗೆ ಗೌರವವಿದೆ. 2005ರಲ್ಲಿ ಪೋರ್ಚುಗಲ್‌ನ ಪಾವ್ಲೊ ಮಗಲ್ಯಾಯಿಶ್ ಇದನ್ನು ಶುರು ಮಾಡಿದರು. ವಿಳಾಸ ಕೇಳಿದರೆ ಅದು ಲೋಕದ ಯಾವುದೋ ಮೂಲೆಯ ಒಬ್ಬರ ವಿಳಾಸವನ್ನೂ ಒಂದು ನಂಬರನ್ನೂ ಕೊಡುತ್ತದೆ. ಕಾರ್ಡಿನ ಮೇಲೆ ಆ ನಂಬರ್ ಬರೆದು ಕಳಿಸಬೇಕು. ತಲುಪಿದವರು ನಂಬರನ್ನು ನೋಂದಾಯಿಸಿದ ಮೇಲೆ ನಿಮ್ಮ ವಿಳಾಸ ಬೇರೆ ಯಾರಿಗೋ ಹೋಗುತ್ತದೆ. ಹೊಸಬರು ಒಂದೇ ಸಲಕ್ಕೆ 5 ಕಾರ್ಡು ಮಾತ್ರ ಕಳಿಸಬಹುದು. 60 ದಿನವಾದರೂ ನೋಂದಣಿಯಾಗದ ಕಾರ್ಡಿನ ಜಾಗಕ್ಕೆ ಇನ್ನೊಂದು ಕಳಿಸಲು ಬಿಡುತ್ತಾರೆ. ಅಚ್ಚುಕಟ್ಟಾದ ಏರ್ಪಾಟು. ಅಂಚೆಯಲ್ಲಿ ಬಿಲ್ಲಿನ ಬದಲು ಬಣ್ಣದ ಕಾರ್ಡು ಬಂದರೆ ಖುಷಿಯಾಗುತ್ತದೆ, ಅಲ್ವಾ? ಆದರೆ ನಾನು ಕಳಿಸಿದವರು ನನಗೆ ಬರೆಯುವುದಿಲ್ಲ, ನನಗೆ ಬರೆದವರಿಗೆ ನಾನು ಕಳಿಸಿರುವುದಿಲ್ಲ. ಕಾರ್ಡಿನಲ್ಲಿ ಅಂಗೈಯಷ್ಟು ಜಾಗ. ನಮಸ್ಕಾರ ಹೇಳಿ, ಚಿತ್ರದ ಬಗ್ಗೆ ಒಂದು ಮಾತು ಬರೆಯುವಷ್ಟರಲ್ಲಿ ಮುಗಿಯಿತು. ನನಗೆ ಬೇಕಾದದ್ದು ಮುಂದುವರಿಯುವ ಮಾತು. ಒಂದು ಉಪಕಾರ ಮಾತ್ರ ಮರೆಯುವಂತಿಲ್ಲ: ನನಗೆ ಕಾರ್ಡು ಬರೆದವರೊಬ್ಬರು, ನಾನು ಥ್ಯಾಂಕ್ಸ್ ಹೇಳಿದಾಗ, ಕಾಗದ ಬರೆಯಲಾ ಅಂತ ಕೇಳಿದರು. ನನ್ನ ಮೊದಲ ಪತ್ರಮಿತ್ರ ಅವರೇ.

ಈಗ ಕಾಗದಕ್ಕೆ ಬರೋಣ.

ಕೈಬರಹ ಚೆಂದ, ಕಾಗದದ ವಾಸನೆ ಚೆಂದ ಅನ್ನುವುದು ನಿಜ, ಆದರೆ ನಾನು ಅದಕ್ಕೆ ಸೋತವನಲ್ಲ. ಪೆನ್ನಿನಲ್ಲಿ ಬರೆದದ್ದನ್ನು ಗುರುತಿಲ್ಲದಂತೆ ಅಳಿಸಲು ಆಗುವುದಿಲ್ಲವಲ್ಲ, ನಾನು ಸೋತದ್ದು ಅದಕ್ಕೆ. ಒಮ್ಮೆ ಬಂದ ಕಾಗದದಲ್ಲಿ ನನ್ನ ಸ್ನೇಹಿತರು ತಮ್ಮ ಕೆಲಸದ ಬಗ್ಗೆ ಬರೆದಿದ್ದರು. ಒಂದು ಸಾಲಿನ ಮೇಲೆ ಎರಡು ಗೆರೆ ಎಳೆದು ಹೊಡೆದುಹಾಕಿದ್ದರು. ಗೆರೆಯ ಕೆಳಗೆ ಓದಲು ಬರುತ್ತಿತ್ತು: ಈ ಕೆಲಸ ಬಿಟ್ಟುಬಿಡೋಣ ಅಂತ ದಿನಾ ಅನಿಸುತ್ತದೆ. ಅದರ ಮುಂದೆ ಬೇರೆ ಸಾಲು: ಕೆಲಸ ಪರವಾಗಿಲ್ಲ, ನಡೆಯುತ್ತಿದೆ. ಫೋನಿನಲ್ಲಿ ಬರೆದಿದ್ದರೆ ಮೊದಲ ಸಾಲು ನನಗೆ ಸಿಗುತ್ತಲೇ ಇರಲಿಲ್ಲ. ಪೂರ್ತಿ ಮುಚ್ಚಬೇಕೆಂದಿದ್ದರೆ ಇಂಕು ಮೆತ್ತಿ ಮುಚ್ಚಬಹುದಿತ್ತು, ಅವರು ಮುಚ್ಚಿರಲಿಲ್ಲ. ನಾನು ಮುಂದಿನ ಕಾಗದದಲ್ಲಿ, ಆ ಹೊಡೆದ ಸಾಲನ್ನು ಓದಿದೆ, ಹೇಳಬೇಕು ಅನಿಸಿದರೆ ಹೇಳಿ ಅಂತ ಬರೆದೆ. ಬಂದ ಉತ್ತರ ಅದುವರೆಗಿನ ಎಲ್ಲಕ್ಕಿಂತ ದಪ್ಪಗಿತ್ತು. ನಮ್ಮ ನಡುವೆ ನಿಜವಾದ ಮಾತು ಶುರುವಾದದ್ದು ಅಲ್ಲಿಂದ.

ಅಕ್ಷರವೂ ಮಾತಾಡುತ್ತದೆ. ಮೊದಲ ಪುಟದಲ್ಲಿ ನೆಟ್ಟಗಿದ್ದ ಸಾಲು ಮೂರನೇ ಪುಟದಲ್ಲಿ ಇಳಿಜಾರಾದರೆ ಬರೆದವರಿಗೆ ನಿದ್ದೆ ಬಂದಿತ್ತು ಅಂತ ಲೆಕ್ಕ. ನಡುವೆ ಇಂಕಿನ ಬಣ್ಣ ಬದಲಾದರೆ ಎದ್ದು ಹೋಗಿ ಇನ್ನೊಂದು ದಿನ ಕೂತಿದ್ದಾರೆ. ಬಿಡುವು ಮಾಡಿಕೊಂಡು ಮತ್ತೆ ನನಗಾಗಿ ಕೂತರು ಅನ್ನುವುದೇ ನನಗೆ ದೊಡ್ಡ ವಿಷಯ.

ಇನ್ನು ಕಾಗದದ ತಾಪತ್ರಯ. ಇದನ್ನು ವಿವರವಾಗಿ ಹೇಳಬೇಕು, ಯಾಕೆಂದರೆ ಶುರು ಮಾಡುವವರಿಗೆ ಯಾರೂ ಹೇಳುವುದಿಲ್ಲ. ಅಂಚೆಗೆ ಹಾಕಿದ ಮೇಲೆ ನಾವು ಬರೆದದ್ದು ನಮ್ಮ ಹತ್ತಿರ ಇರುವುದಿಲ್ಲ. ಆ್ಯಪ್‌ನಲ್ಲಾಗಲಿ ಇಮೇಲ್‌ನಲ್ಲಾಗಲಿ ಮೇಲಕ್ಕೆ ಸರಿಸಿದರೆ ನಮ್ಮ ಮಾತು ಕಾಣುತ್ತದೆ. ಕಾಗದದಲ್ಲಿ ನಮ್ಮ ಮಾತೆಲ್ಲ ಅವರ ಮನೆಯಲ್ಲಿ, ಅವರ ಮಾತೆಲ್ಲ ನಮ್ಮ ಮನೆಯಲ್ಲಿ. ವಾರಗಟ್ಟಲೆ ಆದ ಮೇಲೆ ಉತ್ತರ ಬರುತ್ತದೆ. ತೆರೆದರೆ ಮೊದಲ ಸಾಲು: ನೀವು ಹೇಳಿದ ಮೊದಲನೆಯದನ್ನು ಒಪ್ಪುತ್ತೇನೆ, ಎರಡನೆಯದನ್ನು ಒಪ್ಪಲಾರೆ. ಯಾವ ಮೊದಲನೆಯದು, ಯಾವ ಎರಡನೆಯದು? ತಲೆ ಕೆರೆದುಕೊಂಡರೂ ನೆನಪಾಗುವುದಿಲ್ಲ. ಅವರು ಎರಡು ಪುಟ ವಾದ ಮಾಡಿರುತ್ತಾರೆ, ನಾನು ಯಾವ ಕಡೆ ಇದ್ದೆ ಅನ್ನುವುದೇ ನನಗೆ ಗೊತ್ತಿರುವುದಿಲ್ಲ.

ಇದಕ್ಕೆ ಸೇರಿ ಇನ್ನೊಂದು. ಉತ್ತರ ತಡವಾದಾಗ ಮನಸ್ಸು ತಡೆಯದೆ ಇನ್ನೊಂದು ಕಾಗದ ಹಾಕುತ್ತೇವೆ. ಅಷ್ಟರಲ್ಲಿ ಅವರದೂ ಹೊರಟಿರುತ್ತದೆ. ಎರಡೂ ದಾರಿಯಲ್ಲಿ ಒಂದನ್ನೊಂದು ದಾಟುತ್ತವೆ. ಅಲ್ಲಿಂದ ಮುಂದೆ ಯಾವ ಪ್ರಶ್ನೆಗೆ ಯಾವ ಉತ್ತರ ಅನ್ನುವುದು ಗೋಜಲು. ಅವರ ತಂಗಿಗೆ ಹುಷಾರಿಲ್ಲ ಅನ್ನುವ ಕಾಗದ ಮೊದಲು ಬರೆದದ್ದೋ, ತಂಗಿ ಕೆಲಸಕ್ಕೆ ಹೋಗುತ್ತಿದ್ದಾಳೆ ಅನ್ನುವುದು ಮೊದಲು ಬರೆದದ್ದೋ? ಒಳಗೆ ತಾರೀಖಿಲ್ಲ, ಅಂಚೆ ಮುದ್ರೆ ಅರ್ಧ ಬಿದ್ದಿದೆ. ಸಂತೋಷಪಡಬೇಕೋ ಸಮಾಧಾನ ಹೇಳಬೇಕೋ ತಿಳಿಯದೆ ಪೆನ್ನು ಹಿಡಿದು ಕೂರಬೇಕು.

ದಾರಿ ಹುಡುಕಿದೆ. ಕಾರ್ಬನ್ ಹಾಳೆ ಇಟ್ಟು ನಕಲು ತೆಗೆಯೋಣ ಅಂದರೆ ಇಂಕ್ ಪೆನ್ನಿನಲ್ಲಿ ಆಗದು. ಕಾರ್ಬನ್ನಿಗೆ ಒತ್ತಿ ಬರೆಯಬೇಕು, ಇಂಕ್ ಪೆನ್ನನ್ನು ಒತ್ತಿದರೆ ನಿಬ್ಬು ಹಾಳು. ಲಕೋಟೆ ಅಂಟಿಸುವ ಮೊದಲು ಫೋನಿನಲ್ಲಿ ಫೋಟೋ ತೆಗೆಯುವುದು ಸುಲಭ, ಬಹಳ ಜನ ಹಾಗೇ ಮಾಡುತ್ತಾರೆ. ನನಗೆ ಒಗ್ಗಲಿಲ್ಲ. ಫೋಟೋ ತೆಗೆಯುವಾಗ ಓದುತ್ತೇನೆ, ಓದಿದರೆ ತಿದ್ದಬೇಕು ಅನಿಸುತ್ತದೆ, ತಿದ್ದಲು ಹೊರಟರೆ ಹರಿದು ಹೊಸದಾಗಿ ಬರೆಯುತ್ತೇನೆ. ಹೊಡೆದ ಸಾಲುಗಳೆಲ್ಲ ಅಲ್ಲಿಗೆ ಮಾಯ. ಯಾವುದಕ್ಕಾಗಿ ಕಾಗದ ಹಿಡಿದೆನೋ ಅದೇ ಹೋಯಿತು.

ಈಗ ಒಂದು ಸಣ್ಣ ನೋಟ್‌ಬುಕ್ ಇಟ್ಟಿದ್ದೇನೆ. ಯಾರಿಗೆ, ಯಾವ ತಾರೀಖು, ಏನು ಹೇಳಿದೆ, ಏನು ಕೇಳಿದೆ, ನಾಲ್ಕೈದು ಸಾಲು. ಕಾಗದದ ತಲೆಯಲ್ಲಿ ತಾರೀಖಿನ ಪಕ್ಕ ನಂಬರ್ ಹಾಕುತ್ತೇನೆ. ಇದು ಹೊಸದೇನಲ್ಲ. ಯುದ್ಧದ ಕಾಲದಲ್ಲಿ ಸೈನಿಕರೂ ಮನೆಯವರೂ ಹೀಗೇ ನಂಬರ್ ಹಾಕಿ ಬರೆಯುತ್ತಿದ್ದರು. ಯಾವ ಕಾಗದ ತಪ್ಪಿಹೋಯಿತು, ಯಾವುದು ಹಿಂದುಮುಂದಾಯಿತು ಅನ್ನುವುದು ಅದರಿಂದ ತಿಳಿಯುತ್ತಿತ್ತು. ನನ್ನ ಸ್ನೇಹಿತರು ಇನ್ನೊಂದು ರೂಢಿ ಹಾಕಿಕೊಟ್ಟರು. ಉತ್ತರಿಸುವ ಮೊದಲು ನನ್ನ ಮಾತನ್ನು ಒಂದು ಸಾಲಿನಲ್ಲಿ ತಾವೇ ಹೇಳುತ್ತಾರೆ: ನೀವು ನಿಮ್ಮ ಅಣ್ಣನ ಜೊತೆ ಮಾತು ಬಿಟ್ಟಿದ್ದೀರಿ ಅಂದಿರಿ, ಅದಕ್ಕೆ ನನ್ನ ಮಾತು ಇದು. ಇಷ್ಟು ಮಾಡಿದರೆ ಮುಕ್ಕಾಲು ತಾಪತ್ರಯ ತೀರುತ್ತದೆ.

ಖರ್ಚಿನ ವಿಷಯ. ಹೊರದೇಶದ ಕಾಗದಕ್ಕೆ ಅಂಚೆ ದರ ತೂಕದ ಮೇಲೆ. ಬಹಳ ದೇಶಗಳಲ್ಲಿ ಮೊದಲ ಹಂತ 20 ಗ್ರಾಂ, ದಾಟಿದರೆ ದರ ಏರುತ್ತದೆ. ಎ4 ಹಾಳೆ ಒಂದು ಚದರ ಮೀಟರಿನ ಹದಿನಾರನೇ ಒಂದು ಭಾಗ. ಅಂದರೆ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ) ಹಾಳೆ ಒಂದಕ್ಕೆ 5 ಗ್ರಾಂ. ಸಣ್ಣ ಲಕೋಟೆಗೂ ಹೆಚ್ಚುಕಡಿಮೆ ಅಷ್ಟೇ. ಹಗುರ ಲಕೋಟೆಯಾದರೆ ಮೂರು ಹಾಳೆ, ಎರಡೂ ಬದಿ ಬರೆದರೆ ಆರು ಪುಟ, ಆ ಮಿತಿಯೊಳಗೆ ಹೋಗುತ್ತವೆ. ಇಂಕ್ ಪೆನ್ನಿಗೆ ಅಂತ ಮಾರುವ 100 ಜಿಎಸ್‌ಎಂ ಹಾಳೆ ತಲಾ 6.25 ಗ್ರಾಂ ತೂಗುತ್ತದೆ. ಮೂರು ಹಾಕಿದರೆ ಲಕೋಟೆ ಸೇರಿ ಮಿತಿ ದಾಟಿತು. ಚೆಂದದ ದಪ್ಪ ಹಾಳೆ ಕೊಳ್ಳುವ ಮೊದಲು ಈ ಲೆಕ್ಕ ನೋಡಿ. ಸ್ಟಾಂಪ್ ಹಚ್ಚುವ ಮುಂಚೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲಿಟ್ಟರೆ ಸಾಕು.

ಇಂಕ್ ಪೆನ್ನಿನ ಸಾಮಾನ್ಯ ಇಂಕು ನೀರು ಬಿದ್ದರೆ ಕದಡುತ್ತದೆ. ವಿಳಾಸ ಬಾಲ್‌ಪೆನ್ನಿನಲ್ಲಿ ಬರೆಯಿರಿ, ಒಳಗೆ ಏನಾದರೂ ಆಗಲಿ.

ಪತ್ರಮಿತ್ರರನ್ನು ಹುಡುಕುವುದು ಮೊದಲಿಗಿಂತ ಕಷ್ಟವಾಗಿದೆ, ಒಪ್ಪುತ್ತೇನೆ. ಫಿನ್‌ಲೆಂಡಿನ ತುರ್ಕು ನಗರದಲ್ಲಿ ಇಂಟರ್‌ನ್ಯಾಷನಲ್ ಯೂತ್ ಸರ್ವಿಸ್ ಅಂತ ಒಂದಿತ್ತು. ಫಾರ್ಮ್ ತುಂಬಿ ಕಳಿಸಿದರೆ ಬೇರೆ ದೇಶದ ಓರಗೆಯವರ ವಿಳಾಸ ಕೊಡುತ್ತಿತ್ತು. 1952ರಲ್ಲಿ ಶುರುವಾದ ಅದು 2008ರಲ್ಲಿ ಬಾಗಿಲು ಹಾಕಿತು. ಅಂಚೆಯೂ ಎಲ್ಲ ಕಡೆ ಒಂದೇ ಥರ ಉಳಿದಿಲ್ಲ. ಡೆನ್ಮಾರ್ಕಿನಲ್ಲಿ 1624ರಿಂದ ನಡೆದುಬಂದ ಅಂಚೆಯ ಕಾಗದ ಹಂಚಿಕೆಯನ್ನು ಸರ್ಕಾರಿ ಅಂಚೆ ಸಂಸ್ಥೆ ಪೋಸ್ಟ್‌ನಾರ್ಡ್ 2025ರ ಕೊನೆಗೆ ನಿಲ್ಲಿಸಿತು. ಈಗ ಅಲ್ಲಿ ಆ ಕೆಲಸ ಖಾಸಗಿಯವರದು. ಈ ಸುದ್ದಿ ಓದಿ ನನಗೆ ನಿಜಕ್ಕೂ ಕಸಿವಿಸಿಯಾಯಿತು. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಸೇರಿ ದೇಶಗಳು ಅಂಚೆ ಒಪ್ಪಂದ ಮಾಡಿಕೊಳ್ಳುವ ಮೊದಲು ಒಂದೊಂದು ದೇಶದ ಜೊತೆ ಒಂದೊಂದು ಕರಾರು, ಒಂದೊಂದು ದರ ಇತ್ತು. ನಮ್ಮೂರಿನ ಸ್ಟಾಂಪ್ ಹಚ್ಚಿದ ಕಾಗದವನ್ನು ಇನ್ನೊಂದು ದೇಶದ ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೆ ಕೊಡುತ್ತಾರಲ್ಲ, ಅದು ಆ ಒಪ್ಪಂದದ ಫಲ. ಬಳಸುವವರು ಇದ್ದರಷ್ಟೇ ಅದು ಉಳಿಯುತ್ತದೆ.

ಹಾಗಾದರೆ ಯಾವುದು ಯಾರಿಗೆ? ದಿನಾ ಮಾತು ಬೇಕು, ಉತ್ತರಕ್ಕೆ ಕಾಯುವುದು ಹಿಂಸೆ ಅನ್ನುವವರಿಗೆ ಕಾಗದ ಬೇಡ. ಬಣ್ಣಬಣ್ಣದ ಸ್ಟಾಂಪು, ಚಿತ್ರ ಇಷ್ಟವಾದರೆ ಪೋಸ್ಟ್‌ಕ್ರಾಸಿಂಗ್. ಪುಸಲಾಯಿಸಿ ನಿಧಾನ ಕಲಿಸುವವರು ಬೇಕಾದರೆ ಆ್ಯಪ್, ಆದರೆ ಚಂದಾ ಕಟ್ಟುವ ಮೊದಲು ಪುಕ್ಕಟೆಯದನ್ನು ಬಳಸಿ ನೋಡಿ.

ನನ್ನ ರೂಢಿ ಬೇರೆ. ವಾರದ ದಿನಗಳಲ್ಲಿ ಕೆಲಸ ಮುಗಿಸಿ ಬಂದ ಮೇಲೆ ಇನ್ನೊಂದು ಸ್ಕ್ರೀನ್ ನೋಡಲು ಕಣ್ಣು ಒಪ್ಪುವುದಿಲ್ಲ. ಭಾನುವಾರ ಬೆಳಿಗ್ಗೆ ಒಂದೆರಡು ಗಂಟೆ ನನ್ನದು. ಅಷ್ಟರಲ್ಲಿ ಒಂದು ಕಾಗದ ಆಗುತ್ತದೆ. ಅಂಚೆ ಖರ್ಚೂ ಹಾಗೆ, ಇಬ್ಬರಿಗೆ ಬರೆಯುವಷ್ಟು ನನ್ನ ಕೈಯಲ್ಲಿ ತಡೆಯುತ್ತದೆ, ಮೂರನೆಯವರಿಗೆ ತಡೆಯುವುದಿಲ್ಲ. ಬರೆಯಲಾ ಅಂತ ಇನ್ನೊಬ್ಬರು ಕೇಳಿದ್ದರು, ಈಗ ಆಗುವುದಿಲ್ಲ ಅಂದೆ. ಅರ್ಧ ಮನಸ್ಸಿನಲ್ಲಿ ಮೂವರಿಗೆ ಬರೆಯುವ ಬದಲು ಇಬ್ಬರಿಗೆ ನೆಟ್ಟಗೆ ಬರೆಯುತ್ತೇನೆ. ಆ್ಯಪ್‌ನ ಚಂದಾ ಮುಗಿಯಿತು, ಮತ್ತೆ ಕಟ್ಟಲಿಲ್ಲ. ಆ ದುಡ್ಡಿನಲ್ಲಿ ಸ್ಟಾಂಪು ತಂದಿಟ್ಟಿದ್ದೇನೆ.